ಗುಂಪಾಗಿ ಹೋದಾಗ ವಿಮಾನ ತಡವಾದರೆ ಪರಿಹಾರ ಯಾರಿಗೆ?

ಯುರೋಪಿನಿಂದ ಹೊರಟ ವಿಮಾನ ತಡವಾಗಿದೆ, ಐದು ಜನರ ಟಿಕೆಟ್ ಒಬ್ಬರೇ ಬುಕ್ ಮಾಡಿದ್ದಾರೆ, ಪರಿಹಾರ ಯಾರಿಗೆ ಅಂತ ಕೇಳಿದ್ದೀರಿ. ದುಡ್ಡು ಕಟ್ಟಿದವರಿಗಲ್ಲ, ಪ್ರಯಾಣ ಮಾಡಿದ ಪ್ರತಿಯೊಬ್ಬರಿಗೂ. ಐರೋಪ್ಯ ಒಕ್ಕೂಟದ 261/2004 ನಿಯಮದಲ್ಲಿ ಲೆಕ್ಕ ತಲೆಗಿಷ್ಟು ಅಂತ. ದೂರ ನೋಡಿಕೊಂಡು 250ರಿಂದ 600 ಯೂರೋ. ತಲುಪುವಾಗ 3 ಗಂಟೆ ಅಥವಾ ಜಾಸ್ತಿ ತಡವಾಗಿರಬೇಕು. ಬಿರುಗಾಳಿಯಂಥ ಕಾರಣವಾದರೆ ಸಿಗುವುದಿಲ್ಲ.

ಟಿಕೆಟ್ ಕೊಂಡು ಕೂರಿಸಿದ ಮಗುವಿಗೂ ದೊಡ್ಡವರಷ್ಟೇ ಹಣ. ಜನ ಮರೆಯುವುದು ಇದನ್ನೇ! ಆಫೀಸಿನವರು ಟಿಕೆಟ್ ಮಾಡಿಸಿದ್ದರೂ ಹಕ್ಕು ಪ್ರಯಾಣಿಕರದೇ.

ಒಬ್ಬರೇ ಎಲ್ಲರ ಪರವಾಗಿ ಅರ್ಜಿ ಹಾಕಬಹುದು. ಆದರೆ ಉಳಿದವರು ಸಹಿ ಮಾಡಿದ ಒಪ್ಪಿಗೆ ಪತ್ರ, ಎಲ್ಲರ ಬೋರ್ಡಿಂಗ್ ಪಾಸ್ ಮೊದಲೇ ಜೊತೆಗಿಡಿ. ಇಲ್ಲದಿದ್ದರೆ ಸುಮ್ನೆ ಇಮೇಲ್ ಮೇಲೆ ಇಮೇಲ್ ಕಳಿಸುತ್ತಾ ಕೂರಬೇಕಾದೀತು.