ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಸೇತುವೆ ಕೆಲಸದ ನಡುವೆ ದೋಣಿಯ ದಾರಿ

2024ರ ಆಗಸ್ಟ್ 7ರ ನಡುರಾತ್ರಿ ಕಳೆದ ಹೊತ್ತಿನಲ್ಲಿ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆಯ ಕಾಳಿ ಸೇತುವೆ ಕುಸಿಯಿತು. ಮೇಲಿದ್ದ ಲಾರಿ ನದಿಗೆ ಬಿತ್ತು, ಚಾಲಕರು ಬದುಕಿ ಬಂದರು. ಹೆದ್ದಾರಿಯ ಸೇತುವೆ ಎಂದಕೂಡಲೇ ಎಲ್ಲರ ಮಾತು ವಾಹನಗಳ ಕಡೆಗೇ ಹೋಗುತ್ತದೆ. ಆದರೆ ಅದರ ಕೆಳಗೆ ದಿನವೂ ದೋಣಿಗಳು ಓಡಾಡುತ್ತವೆ. ಹಳೆಯದನ್ನು ಒಡೆದು ತೆಗೆಯುವಾಗ ಮತ್ತು ಹೊಸದನ್ನು ಕಟ್ಟುವಾಗ ಆ ದೋಣಿಗಳ ಗತಿಯೇನು ಎಂದು ಕರಾವಳಿಯ ಓದುಗರು ಕೇಳಿದ್ದಾರೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ.

ನದಿಯ ಮಧ್ಯೆ ಕ್ರೇನ್ ಹೊತ್ತ ಬಾರ್ಜ್ (ಭಾರ ಹೊರುವ ಚಪ್ಪಟೆ ತಳದ ನೌಕೆ) ನಿಂತಿರುತ್ತದೆ. ಎಡದಿಂದ ಹೋಗಬೇಕೋ ಬಲದಿಂದಲೋ, ದೂರದಿಂದಲೇ ತಿಳಿಯುವುದು ಹೇಗೆ? (ಕೋಡಿಬಾಗದ ಓದುಗರು)

ಬಾರ್ಜ್ ಮೇಲಿನ ದೀಪಗಳೇ ಅದನ್ನು ಹೇಳಬೇಕು. ಸಮುದ್ರದಲ್ಲೂ ಅದಕ್ಕೆ ಸೇರುವ ಅಳಿವೆಗಳಲ್ಲೂ ನಡೆಯುವ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳಲ್ಲಿ 27ನೆಯದು ಇದಕ್ಕಾಗಿಯೇ ಇದೆ. ನೀರಿನಡಿ ಕೆಲಸ ನಡೆಸುತ್ತಿರುವ ಬಾರ್ಜ್ ರಾತ್ರಿ ಒಂದರ ಕೆಳಗೊಂದರಂತೆ ಕೆಂಪು, ಬಿಳಿ, ಕೆಂಪು ದೀಪ ಹಾಕಬೇಕು. ‘ನಾನು ಸರಿದು ದಾರಿ ಬಿಡಲಾರೆ’ ಎಂದು ಅದರ ಅರ್ಥ. ಇದರ ಜೊತೆಗೆ ಅಡ್ಡಿ ಇರುವ ಪಕ್ಕದಲ್ಲಿ ಎರಡು ಕೆಂಪು ದೀಪ, ದಾಟಬಹುದಾದ ಪಕ್ಕದಲ್ಲಿ ಎರಡು ಹಸಿರು ದೀಪ ಮೇಲೆ ಕೆಳಗೆ ಇರಬೇಕು. ಹಗಲಿನಲ್ಲಿ ದೀಪದ ಬದಲು ಕಪ್ಪು ಆಕೃತಿಗಳು: ಅಡ್ಡಿಯ ಕಡೆಗೆ ಎರಡು ಗುಂಡು, ದಾರಿಯ ಕಡೆಗೆ ಎರಡು ವಜ್ರಾಕೃತಿ. ಸಣ್ಣ ದೋಣಿಯಿಂದ ಮುಳುಗುಗಾರರು ಇಳಿದಿದ್ದರೆ ಬಿಳಿ ಮತ್ತು ನೀಲಿಯ, ಕವಲು ಬಾಲದ ಗುರುತು ಕಾಣಿಸಬೇಕು. ಅದು ಒಂದು ಮೀಟರ್‌ಗಿಂತ ಗಿಡ್ಡ ಇರಬಾರದು, ಗಾಳಿಗೆ ಮುದುಡದ ಗಟ್ಟಿ ಹಲಗೆಯದಾಗಿರಬೇಕು. ಅದು ಕಂಡಲ್ಲಿ ಎಂಜಿನ್ ನಿಧಾನ ಮಾಡಿ ದೂರದಿಂದಲೇ ಸುತ್ತಿ ಹೋಗಿ.

ಬಾರ್ಜ್ ಜಾಗ ಬದಲಿಸಿದರೂ ಹಸಿರು ಮತ್ತು ಕೆಂಪು ದೀಪಗಳನ್ನು ಅದಲುಬದಲು ಮಾಡದೆ ಬಿಡುವುದು ಕೆಲಸದ ಜಾಗಗಳಲ್ಲಿ ಆಗುವ ತಪ್ಪು. ಹಾಗಾಗಿ ಬಾರ್ಜ್ ಸರಿಸುವ ಕೆಲಸದ ಪಟ್ಟಿಯಲ್ಲಿ ಕೊನೆಯ ಸಾಲು ‘ದೀಪ ಬದಲಿಸಿ, ದೋಣಿಯಲ್ಲಿ ಹೋಗಿ ಹೊರಗಿನಿಂದ ನೋಡಿ’ ಎಂದಿರಬೇಕು. ಬಾರ್ಜ್ ಮೇಲೆ ನಿಂತು ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಬಾರ್ಜಿಗೆ ತಾಗದಂತೆ ಸಾಕಷ್ಟು ದೂರದಲ್ಲೇ ಹೋದರೂ ದೋಣಿಯ ಫ್ಯಾನಿಗೆ (ಪ್ರೊಪೆಲ್ಲರಿಗೆ) ಉಕ್ಕಿನ ಹಗ್ಗ ಸಿಕ್ಕಿಕೊಂಡ ಸುದ್ದಿ ಕೇಳಿದ್ದೇವೆ. ಎಷ್ಟು ದೂರ ಬಿಟ್ಟರೆ ಕ್ಷೇಮ? (ಸದಾಶಿವಗಡದ ಮೀನುಗಾರರೊಬ್ಬರು)

ಕ್ರೇನ್ ಕಣ್ಣಿಗೆ ಬೀಳುತ್ತದೆ, ಲಂಗರಿನ ಹಗ್ಗ ಬೀಳುವುದಿಲ್ಲ. ಹಾಗಾಗಿ ಈ ಇಡೀ ಕೆಲಸದಲ್ಲಿ ದೋಣಿಯವರು ಎಲ್ಲಕ್ಕಿಂತ ಹೆಚ್ಚು ಅಂಜಬೇಕಾದದ್ದು ಅದಕ್ಕೇ. ಬಾರ್ಜನ್ನು ಸಾಮಾನ್ಯವಾಗಿ ನಾಲ್ಕು ಅಥವಾ ಆರು ಲಂಗರುಗಳಿಂದ ನಾಲ್ಕೂ ದಿಕ್ಕಿಗೆ ಬಿಗಿದಿರುತ್ತಾರೆ. ಡೆಕ್ ಮೇಲೆ ಹಗ್ಗ ಹೊರಡುವ ಜಾಗ ನೀರಿನಿಂದ ಒಂದೂವರೆ ಮೀಟರ್ ಎತ್ತರದಲ್ಲಿದೆ, ಲಂಗರು 100 ಮೀಟರ್ ಆಚೆ ಆರು ಮೀಟರ್ ಆಳದಲ್ಲಿದೆ ಎಂದುಕೊಳ್ಳಿ. ಹಗ್ಗ ಸಡಿಲವಿದ್ದರೆ ತಳಕ್ಕೆ ಕುಸಿದು ಬಿದ್ದಿರುತ್ತದೆ, ತೊಂದರೆಯಿಲ್ಲ. ಹಗ್ಗ ಸುತ್ತುವ ಯಂತ್ರವಾದ ವಿಂಚ್ ಎಳೆದೊಡನೆ ಅದು ನೇರವಾಗಿ ಬಿಗಿಯುತ್ತದೆ. ಆಗ ಪ್ರತಿ ಮೀಟರಿಗೆ ಇಳಿಯುವುದು ಏಳೂವರೆ ಸೆಂಟಿಮೀಟರ್ ಮಾತ್ರ. ನೀರಿಗೆ ಸೇರುವುದೇ ಬಾರ್ಜಿನಿಂದ 20 ಮೀಟರ್ ದೂರದಲ್ಲಿ. 30 ಮೀಟರಿನಲ್ಲಿ ಅದು ನೀರಿನಿಂದ ಮುಕ್ಕಾಲು ಮೀಟರ್ ಕೆಳಗೆ, 40 ಮೀಟರಿನಲ್ಲಿ ಒಂದೂವರೆ ಮೀಟರ್ ಕೆಳಗೆ. ಔಟ್‌ಬೋರ್ಡ್ ಎಂಜಿನ್ನಿನ ಪ್ರೊಪೆಲ್ಲರ್ ಮೊದಲನೆಯದಕ್ಕೆ ಸಿಗುತ್ತದೆ, ಟ್ರಾಲ್ ಬೋಟಿನದು ಎರಡನೆಯದಕ್ಕೆ. ಬೋಟು 60 ಮೀಟರ್ ದೂರದಲ್ಲಿ ಹೋದರೆ ಹಗ್ಗ ಮೂರು ಮೀಟರ್ ಕೆಳಗಿರುತ್ತದೆ.

ಲಂಗರಿನ ಮೇಲೆ ತೇಲುವ ಬೋಯಾ ಲಂಗರು ಎಲ್ಲಿದೆ ಎಂದಷ್ಟೇ ಹೇಳುತ್ತದೆ. ಬೋಯಾಕ್ಕೂ ಬಾರ್ಜಿಗೂ ನಡುವಿನ ನೀರು ಖಾಲಿ ಕಂಡರೂ ಅಲ್ಲಿ ನುಗ್ಗಬೇಡಿ, ಬೋಯಾದ ಹೊರಗಿನಿಂದಲೇ ಬನ್ನಿ. ಗುತ್ತಿಗೆದಾರರು ಮಾಡಬಹುದಾದದ್ದೂ ಇದೆ. ದೋಣಿ ಹೋಗುವ ಕಡೆಯ ಹಗ್ಗಕ್ಕೆ ಬಾರ್ಜಿನ ಹತ್ತಿರವೇ ಭಾರ ಕಟ್ಟಿ ಆಳಕ್ಕೆ ಇಳಿಸಬಹುದು, ದೋಣಿ ದಾಟುವಷ್ಟು ಹೊತ್ತು ಆ ವಿಂಚನ್ನು ಸಡಿಲಿಸಬಹುದು. ಆಳ ಕಡಿಮೆ ಇರುವ ಅಳಿವೆಗಳಲ್ಲಿ ಹಗ್ಗವೇ ಬೇಡ. ಬಾರ್ಜಿನ ಮೂಲೆಗಳಿಂದ ಉಕ್ಕಿನ ಕಾಲುಗಳನ್ನು ತಳಕ್ಕೆ ಊರಿ ನಿಲ್ಲಿಸುವ ಮಾದರಿಗಳಿವೆ. ಬಾಡಿಗೆ ಹೆಚ್ಚೆಂದು ಅದನ್ನು ಬಿಡುತ್ತಾರೆ. ದೋಣಿ ಓಡಾಟ ಹೆಚ್ಚಿರುವ ಕಡೆ ಟೆಂಡರ್‌ನಲ್ಲೇ ಅದನ್ನು ಕಡ್ಡಾಯ ಮಾಡಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಸೇತುವೆ ಎತ್ತರವಾಗಿಯೇ ಇದೆಯಲ್ಲ, ಕೆಲಸ ನಡೆಯುವಾಗ ಬೋಟಿನ ಮೇಲ್ಭಾಗ ತಾಗುವುದು ಯಾಕೆ? (ಹೊನ್ನಾವರದಿಂದ)

ಸೇತುವೆಯ ತೊಲೆ, ಅಂದರೆ ಗರ್ಡರಿನ ಕೆಳಗೆ ಕಾಂಕ್ರೀಟಿನ ಅಚ್ಚು, ಅದರ ಕೆಳಗೆ ಕೆಲಸಗಾರರು ನಿಲ್ಲುವ ಅಟ್ಟಣಿಗೆ, ಅದಕ್ಕೂ ಕೆಳಗೆ ಸುರಕ್ಷತೆಯ ಬಲೆ ಬರುತ್ತವೆ. ಒಂದೂವರೆ ಎರಡು ಮೀಟರ್ ಹೀಗೇ ಹೋಗುತ್ತದೆ.

ಲೆಕ್ಕ ಹೀಗೆ. ನಕ್ಷೆಯ ಶೂನ್ಯ ಮಟ್ಟದಿಂದ (ಉಬ್ಬರದ ಎತ್ತರವನ್ನು ಎಣಿಸುವ ಮಟ್ಟ) ಬಲೆಯ ತಳ 5.2 ಮೀಟರ್ ಮೇಲಿದೆ, ಉಬ್ಬರ 1.8 ಮೀಟರ್ ಎಂದಾದರೆ ಉಳಿಯುವ ಎತ್ತರ 3.4. ನಿಮ್ಮ ಬೋಟು ನೀರಿನಿಂದ ಮೇಲಕ್ಕೆ 2.9, ಅಲೆಗೆ ಎದ್ದು ಬೀಳಲು 0.3, ಒಟ್ಟು 3.2. ಬಾಕಿ ಇಪ್ಪತ್ತು ಸೆಂಟಿಮೀಟರ್. ಅದು ಸಾಲದು, ಅರ್ಧ ಮೀಟರಾದರೂ ಬೇಕು. ಅಂದರೆ ನೀರು 1.5ಕ್ಕೆ ಇಳಿಯುವವರೆಗೆ ಕಾಯಬೇಕು. ಉಬ್ಬರ ಇಳಿತದ ನಡುವೆ ಒಂದೂವರೆ ಮೀಟರ್ ಅಂತರವಿದ್ದರೆ ತುಂಬಿದ ನೀರು ಮೊದಲ ಗಂಟೆಯಲ್ಲಿ ಆ ಅಂತರದ ಹನ್ನೆರಡರಲ್ಲಿ ಒಂದು ಭಾಗ, ಎರಡನೆಯದರಲ್ಲಿ ಹನ್ನೆರಡರಲ್ಲಿ ಎರಡು ಭಾಗದಷ್ಟು ಇಳಿಯುತ್ತದೆ. ಹಾಗಾಗಿ ಆ 30 ಸೆಂಟಿಮೀಟರಿಗೆ ಸುಮಾರು ಒಂದೂಮುಕ್ಕಾಲು ಗಂಟೆ ಹಿಡಿಯುತ್ತದೆ.

ಬೋಟಿನ ಎತ್ತರ ಅಳೆಯುವಾಗ ಐಸು, ಡೀಸೆಲ್, ಮೀನು ಯಾವುದೂ ಇಲ್ಲದ ಖಾಲಿ ಬೋಟನ್ನೇ ಅಳೆಯಿರಿ. ತುಂಬಿದ ಬೋಟು ತಗ್ಗಿರುತ್ತದೆ. ವೈರ್‌ಲೆಸ್ ಆಂಟೆನಾವನ್ನೂ ಲೆಕ್ಕಕ್ಕೆ ಹಿಡಿಯಬೇಕು, ಮಡಚಲು ಬಂದರೆ ಮಡಚಿಡಿ.

ಮಳೆಗಾಲದಲ್ಲಿ ಉಬ್ಬರದ ಪಟ್ಟಿಯನ್ನು ನಂಬಿ ಹೋಗುವಂತಿಲ್ಲ, ನದಿಯ ನೀರು ಅದರ ಮೇಲೆ ಸೇರಿಕೊಳ್ಳುತ್ತದೆ. ಇದಕ್ಕಾಗಿ ಕಂಬಕ್ಕೆ ಎತ್ತರದ ಹಲಗೆ ಹಾಕುತ್ತಾರೆ. ನೀರು ಮುಟ್ಟಿರುವ ಅಂಕಿಯೇ ಆ ಹೊತ್ತಿಗೆ ಮೇಲೆ ಉಳಿದಿರುವ ಎತ್ತರ, ಕೂಡಿ ಕಳೆಯುವ ಕೆಲಸವಿಲ್ಲ. ಒಂದೇ ಎಚ್ಚರ: ಅಟ್ಟಣಿಗೆಯನ್ನು ಇನ್ನೂ ಕೆಳಗಿಳಿಸಿದ ದಿನವೇ ಹಲಗೆಯನ್ನೂ ಬದಲಿಸಬೇಕು. ಹಳೆಯ ಅಂಕಿ ಹಾಗೇ ಉಳಿದರೆ ಹಲಗೆ ಇಲ್ಲದಿದ್ದಕ್ಕಿಂತ ಕೆಟ್ಟದ್ದು.

ಕಂಬಗಳ ಸುತ್ತ ಒಡ್ಡು ಕಟ್ಟಿದ ಮೇಲೆ ಸೆಳೆತ ಜೋರಾದಂತೆ ಅನಿಸುತ್ತದೆ. ನಿಜವೇ? (ಗಂಗೊಳ್ಳಿಯಿಂದ)

ನಿಜ. ಹರಿವಿನ ಜಾಗದಲ್ಲಿ ಮೂರರಲ್ಲಿ ಒಂದು ಪಾಲು ಮುಚ್ಚಿದರೆ ಉಳಿದ ಜಾಗದಲ್ಲಿ ವೇಗ ಹೆಚ್ಚೂಕಡಿಮೆ ಒಂದೂವರೆ ಪಟ್ಟು ಆಗುತ್ತದೆ. ದೋಣಿಯನ್ನು ತಳ್ಳುವ ಬಲ ಎರಡೂಕಾಲು ಪಟ್ಟು. ಒಡ್ಡಿನ ಹಿಂದೆ ನೀರು ತಿರುಗಿ ಸುಳಿಯಾಗುತ್ತದೆ. ಸಂದಿಯಿಂದ ಹೊರಬಂದ ದೋಣಿಯ ಮುಂಭಾಗ ಸುಳಿಯಲ್ಲಿ, ಹಿಂಭಾಗ ಸೆಳೆತದಲ್ಲಿದ್ದರೆ ಅದು ಅಡ್ಡಡ್ಡ ತಿರುಗುತ್ತದೆ. ಆದ್ದರಿಂದ ಸಂದಿಯಿಂದ ಹೊರಬಂದ ಮೇಲೂ ಒಂದಷ್ಟು ದೂರ ನೇರವಾಗಿಯೇ ಹೋಗಿ, ಆಮೇಲೆ ತಿರುಗಿಸಿ.

ಇಕ್ಕಟ್ಟಾದ ಸಂದಿಯಲ್ಲಿ ಒಂದು ಸಲಕ್ಕೆ ಒಂದೇ ದೋಣಿ. ಸೆಳೆತದ ಜೊತೆಗೆ ಬರುವವರಿಗೆ ಮೊದಲ ದಾರಿ ಬಿಡುವುದು ಒಳ್ಳೆಯದು, ಏಕೆಂದರೆ ನೀರು ಹಿಂದಿನಿಂದ ತಳ್ಳುವಾಗ ಚುಕ್ಕಾಣಿಯ ಹಿಡಿತ ಕಡಿಮೆ, ನಿಲ್ಲುವುದೂ ಕಷ್ಟ. ಎದುರು ಸೆಳೆತದಲ್ಲಿ ಬರುವವರು ಎಂಜಿನ್ ಹಿಡಿದು ನಿಂತಲ್ಲೇ ನಿಲ್ಲಬಹುದು. ಅಳಿವೆಯಲ್ಲಿ ಉಬ್ಬರಕ್ಕೊಮ್ಮೆ ಇಳಿತಕ್ಕೊಮ್ಮೆ ಈ ಸರದಿ ತಿರುಗುಮುರುಗಾಗುತ್ತದೆ ಎಂಬುದು ನೆನಪಿರಲಿ.

ಇಂಥಲ್ಲಿ ಎಂಜಿನ್ ಕೆಟ್ಟರೆ ಏನು ಮಾಡುವುದೆಂದು ಮೊದಲೇ ಯೋಚಿಸಿಡಬೇಕು. ಸೆಕೆಂಡಿಗೆ ಒಂದೂವರೆ ಮೀಟರ್ ಸೆಳೆತದಲ್ಲಿ 300 ಮೀಟರ್ ದೂರದ ದೋಣಿ ಒಡ್ಡಿಗೆ ಬಡಿಯಲು 200 ಸೆಕೆಂಡು ಸಾಕು, ಮೂರು ನಿಮಿಷ ಚಿಲ್ಲರೆ. ಅಷ್ಟರಲ್ಲಿ ಹಗ್ಗ ಎಸೆದು ಎಳೆಯುವುದು ಕಷ್ಟ. ಕಾವಲು ದೋಣಿ 600 ಮೀಟರ್ ದೂರದಲ್ಲಿದ್ದರೆ ಆರೂವರೆ ನಿಮಿಷಕ್ಕೂ ಮೇಲೆ ಸಿಗುತ್ತದೆ. ಅದೂ ಎರಡೂ ಕಡೆ ಬೇಕು, ಒಂದು ಸಾಲದು. ದೋಣಿಯವರು ಸೇತುವೆಗೆ ಬರುವ ಮುನ್ನವೇ ಲಂಗರನ್ನು ಕೈಗೆಟುಕುವಂತೆ ಇಟ್ಟುಕೊಂಡು, ಹಗ್ಗದ ತುದಿ ದೋಣಿಗೆ ಕಟ್ಟಿದೆಯೇ ನೋಡಿಕೊಳ್ಳಬೇಕು. ಆಳದ ಐದು ಪಟ್ಟಾದರೂ ಹಗ್ಗ ಬೇಕು, ಆರು ಮೀಟರ್ ನೀರಿಗೆ 30 ಮೀಟರ್. ಎಂಜಿನ್ ನಿಂತರೆ ಕೆಲಸದ ಜಾಗದ ಗುರುತಿನ ಹಳದಿ ಬೋಯಾ ತಲುಪುವ ಮೊದಲೇ ಲಂಗರು ಬಿಡಿ.

ಮುಂಜಾನೆ ನಾಲ್ಕಕ್ಕೆ ಹೊರಡುವಾಗ ಸೇತುವೆಯ ಫ್ಲಡ್‌ಲೈಟ್ ಕಣ್ಣಿಗೆ ಹೊಡೆದು ಏನೂ ಕಾಣುವುದಿಲ್ಲ. (ಮಲ್ಪೆಯಿಂದ)

ಇದು ದೂರು ಕೊಡಬೇಕಾದ ವಿಷಯ, ಸುಮ್ಮನಿರಬೇಡಿ. ದೀಪಗಳನ್ನು ಕೆಳಮುಖ ಮಾಡಿ ಪಕ್ಕಕ್ಕೆ ತಗಡಿನ ಮರೆ ಕಟ್ಟಿದರೆ ಕೆಲಸಗಾರರಿಗೂ ಬೆಳಕು ಸಿಗುತ್ತದೆ, ನಿಮಗೂ ದಾರಿ ಕಾಣುತ್ತದೆ. ಬಿಳಿ ಬೆಳಕಿನ ಎದುರು ದಾರಿಯ ಅಂಚು ತೋರಿಸುವ ಕೆಂಪು ಹಸಿರು ದೀಪಗಳು (ಬಾರ್ಜಿನವಲ್ಲ) ಮುಳುಗಿಹೋಗುತ್ತವೆ. ಭಾರತದಲ್ಲಿ ಸಮುದ್ರದಿಂದ ಒಳಗೆ ಬರುವಾಗ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಹೊರಗೆ ಹೋಗುವಾಗ ಅದಲುಬದಲು.

ಜೂನ್ ಒಂದರಿಂದ ಜುಲೈ 31ರವರೆಗೆ ಹೇಗೂ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಎಲ್ಲ ಕೆಲಸವನ್ನೂ ಆ 61 ದಿನಗಳಲ್ಲೇ ಮುಗಿಸಬಾರದೇ? (ಅಂಕೋಲಾದಿಂದ)

ಕೇಳಲು ಸರಿ, ಆದರೆ ಅದೇ ಮುಂಗಾರಿನ ಹೊತ್ತು. ನದಿ ತುಂಬಿ ಹರಿಯುವಾಗ ಬಾರ್ಜನ್ನು ಲಂಗರಿನಲ್ಲಿ ಹಿಡಿದಿಡುವುದೇ ಅಪಾಯ. ಕಾಳಿಯಲ್ಲಂತೂ ಮೇಲೆ ಕದ್ರಾ ಅಣೆಕಟ್ಟಿದೆ. ಗೇಟು ತೆರೆದರೆ ಕೆಳಗೆ ಸೆಳೆತ ಏರುತ್ತದೆ, ತೇಲಿಬರುವ ಮರದ ದಿಮ್ಮಿಗಳು ಒಡ್ಡಿಗೆ ಬಂದು ಸಿಕ್ಕಿಕೊಳ್ಳುತ್ತವೆ. ನೀರು ಬಿಡುವ ಮುನ್ಸೂಚನೆ ಊರಿನವರಿಗೆ ಬಂದ ಹಾಗೆಯೇ ಸೇತುವೆಯ ಎಂಜಿನಿಯರಿಗೂ ಕಾವಲು ದೋಣಿಗೂ ನೇರವಾಗಿ ಬರಬೇಕು. ನಿಷೇಧದ ಕಾಲದಲ್ಲಿ 10 ಅಶ್ವಶಕ್ತಿಯವರೆಗಿನ ಸಣ್ಣ ದೋಣಿಗಳೂ ನಾಡದೋಣಿಗಳೂ ಓಡಾಡುತ್ತವೆ ಎಂಬುದನ್ನೂ ಮರೆಯುವಂತಿಲ್ಲ. ಗರ್ಡರ್ ಎತ್ತುವಂಥ ಭಾರದ ಕೆಲಸಕ್ಕೆ ಮಳೆ ಕಳೆದ ತಿಂಗಳುಗಳೇ ಸರಿ. ಆಗ ಉಬ್ಬರ ಇಳಿತದ ನಡುವೆ ನೀರು ನಿಂತಂತಿರುವ ಹೊತ್ತು ನೋಡಿ, ಆ ಹೊತ್ತಿಗೆ ಮಾತ್ರ ದಾರಿ ಮುಚ್ಚಿದರೆ ಸಾಕು. ತಲೆಯ ಮೇಲೆ ಭಾರ ತೂಗುತ್ತಿರುವಾಗ ಕೆಳಗೆ ಒಂದೇ ಒಂದು ದೋಣಿಯೂ ಹೋಗಬಾರದು, ಎಷ್ಟೇ ಅವಸರವಿರಲಿ.

ಹಳೆಯ ಸೇತುವೆಯ ಅವಶೇಷ ಪೂರ್ತಿ ತೆಗೆದಿದ್ದಾರೆ ಎಂದು ನಂಬುವುದು ಹೇಗೆ? (ಬೆಳಚು ಆರಿಸುವ ಕುಟುಂಬದವರು, ಕಾರವಾರ)

ಕಣ್ಣಿಗೆ ಕಾಣದಿದ್ದರೆ ತೆಗೆದಂತಲ್ಲ. ಒಡೆದ ಕಾಂಕ್ರೀಟಿನಿಂದ ಹೊರಚಾಚಿದ ಕಬ್ಬಿಣದ ಸರಳು ಬಲೆಯನ್ನೂ ಸೀಳುತ್ತದೆ, ನೀರಿಗಿಳಿದವರ ಕಾಲನ್ನೂ ಸೀಳುತ್ತದೆ. ಹಳೆಯ ಕಂಬಗಳನ್ನು ತಳದ ಮಣ್ಣಿಗಿಂತ ಕೆಳಕ್ಕೇ ಕತ್ತರಿಸಬೇಕು. ಮಣ್ಣಿನ ಮಟ್ಟಕ್ಕೆ ಕತ್ತರಿಸಿ ಬಿಟ್ಟರೆ ಒಂದು ಮಳೆಗಾಲದ ಕೊರೆತಕ್ಕೆ ಮೊಂಡು ಮತ್ತೆ ಮೇಲೆ ಏಳುತ್ತದೆ.

ತಪಾಸಣೆ ಎರಡು ಹಂತದ್ದು. ಮೊದಲು ಸೋನಾರ್‌ನಿಂದ, ಅಂದರೆ ಶಬ್ದದ ಅಲೆ ಕಳಿಸಿ ನೋಡುವ ಸಾಧನದಿಂದ, ತಳದ ಚಿತ್ರ ತೆಗೆಯುವುದು. ಅದರಲ್ಲಿ ತೆಳ್ಳಗಿನ ಸರಳು ತಪ್ಪಿಹೋಗಬಹುದು. ಹಾಗಾಗಿ ಎರಡನೆಯದಾಗಿ, ಉದ್ದನೆಯ ಉಕ್ಕಿನ ಸರಳನ್ನು ನಿಗದಿ ಆಳದಲ್ಲಿ ಅಡ್ಡಲಾಗಿ ತೂಗುಬಿಟ್ಟು ದಾರಿಯ ಉದ್ದಕ್ಕೂ ದೋಣಿಯಿಂದ ಎಳೆಯುತ್ತಾರೆ. ಒಂದು ಪಟ್ಟೆಯ ಮೇಲೆ ಇನ್ನೊಂದು ಸ್ವಲ್ಪ ಹೇರುವಂತೆ ಎಳೆಯಬೇಕು, ನಡುವೆ ಜಾಗ ಬಿಡಬಾರದು. ಎಲ್ಲಾದರೂ ತಾಗಿದರೆ ಅಲ್ಲಿ ಗುರುತು ಹಾಕಿ ಮುಳುಗುಗಾರರನ್ನು ಇಳಿಸುತ್ತಾರೆ. ಆದರೆ ಇದು ನೋಡುವುದು ದೋಣಿಯ ದಾರಿಯನ್ನಷ್ಟೇ. ಬೆಳಚು ಆರಿಸುವ ಆಳವಿಲ್ಲದ ಅಂಚುಗಳನ್ನೂ ಇಳಿತದ ಹೊತ್ತಿನಲ್ಲಿ ಕಾಲ್ನಡಿಗೆಯಲ್ಲಿ ತಪಾಸಿಸಿ ಎಂದು ನೀವು ಬರಹದಲ್ಲಿ ಕೇಳಿ. ಕೇಳದಿದ್ದರೆ ಯಾರೂ ಮಾಡುವುದಿಲ್ಲ.

ದಾರಿ ಪೂರ್ತಿ ಶುದ್ಧವಾಗುವವರೆಗೆ ದೋಣಿ ಬಿಡಲೇಬಾರದೇ? (ಮಂಗಳೂರಿನಿಂದ)

ಹಾಗೇನಿಲ್ಲ, ಹಂತಹಂತವಾಗಿ ತೆರೆಯಬಹುದು. ಅಮೆರಿಕದ ಬಾಲ್ಟಿಮೋರ್‌ನಲ್ಲಿ 2024ರ ಮಾರ್ಚ್ 26ರಂದು ಹಡಗು ಬಡಿದು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ ಬಿತ್ತು, ಮೇಲೆ ಕೆಲಸ ಮಾಡುತ್ತಿದ್ದ ಆರು ಮಂದಿ ತೀರಿಕೊಂಡರು. ಅಲ್ಲಿ ಏಪ್ರಿಲ್ ಆರಂಭದಲ್ಲೇ ಪಕ್ಕದಲ್ಲಿ 11 ಅಡಿ ಆಳದ ತಾತ್ಕಾಲಿಕ ದಾರಿ ತೆರೆದು ಟಗ್ಗು, ಬಾರ್ಜುಗಳನ್ನು ಬಿಟ್ಟರು. ಆಮೇಲೆ ಇನ್ನೂ ಆಳದ ದಾರಿಗಳನ್ನು ಒಂದೊಂದಾಗಿ ತೆರೆದರು. 700 ಅಡಿ ಅಗಲ, 50 ಅಡಿ ಆಳದ ಮೂಲ ದಾರಿ ಜೂನ್ 10ಕ್ಕೆ ಪೂರ್ತಿ ಸಿಕ್ಕಿತು. ಯಾವ ಆಳದ ನೌಕೆಗೆ ಯಾವ ದಾರಿ ಎಂದು ಖಚಿತವಾಗಿ ಹೇಳಿದ್ದರಿಂದ ಇದು ಸಾಧ್ಯವಾಯಿತು. ನಮ್ಮಲ್ಲೂ ನಾಡದೋಣಿಗೆ ಒಂದು ಸಂದಿ ಮೊದಲು, ಬೋಟಿಗೆ ಇನ್ನೊಂದು ಆಮೇಲೆ ಎಂದು ತೆರೆಯಬಹುದು.

ಸೂಚನೆ ಎಲ್ಲಿಂದ ಬರಬೇಕು, ಅದರಲ್ಲಿ ಏನಿರಬೇಕು? (ಹಲವರು)

ಕಾಳಿ 2016ರ ಕಾಯ್ದೆಯಡಿ 52ನೇ ರಾಷ್ಟ್ರೀಯ ಜಲಮಾರ್ಗ, ಶರಾವತಿ 90ನೆಯದು. ಇಂಥ ನದಿಗೆ ಸೇತುವೆ ಕಟ್ಟುವವರು ಒಳನಾಡು ಜಲಮಾರ್ಗ ಪ್ರಾಧಿಕಾರದ ಒಪ್ಪಿಗೆ ಪಡೆಯಬೇಕು. ದಿನನಿತ್ಯದ ಸೂಚನೆಗೆ ನೀವು ಹೋಗಬೇಕಾದದ್ದು ಬಂದರು ಅಧಿಕಾರಿಗಳ ಮತ್ತು ಮೀನುಗಾರಿಕೆ ಇಲಾಖೆಯ ಕಚೇರಿಗೆ.

ಸೂಚನೆಯಲ್ಲಿ ‘ಕೆಲಸ ನಡೆಯುತ್ತಿದೆ, ಎಚ್ಚರಿಕೆ’ ಎಂದಷ್ಟೇ ಇದ್ದರೆ ಪ್ರಯೋಜನವಿಲ್ಲ. ತೆರೆದಿರುವುದು ಯಾವ ದಡದಿಂದ ಎಣಿಸಿ ಎಷ್ಟನೇ ಕಂಬಗಳ ನಡುವೆ, ಅಲ್ಲಿ ಉಳಿದ ಎತ್ತರ, ಇಳಿತದಲ್ಲಿ ಸಿಗುವ ಆಳ, ಅಗಲ, ಲಂಗರಿನ ಹಗ್ಗಗಳು ಯಾವ ಕಡೆ, ದಾರಿ ಮುಚ್ಚುವ ದಿನ ಮತ್ತು ಗಂಟೆ, ಕಾವಲು ದೋಣಿಯನ್ನು ಕರೆಯುವ ವೈರ್‌ಲೆಸ್ ಚಾನೆಲ್ ಮತ್ತು ಮೊಬೈಲ್ ನಂಬರು, ಇಷ್ಟೂ ಇರಬೇಕು. ಕಾರವಾರದ ಕಡೆ ಕನ್ನಡದ ಜೊತೆ ಕೊಂಕಣಿಯಲ್ಲೂ ಬೇಕು. ಕಾಗದವನ್ನು ಕಚೇರಿಯ ಫಲಕಕ್ಕೆ ಅಂಟಿಸಿದರೆ ಸಾಲದು, ಮೀನು ಇಳಿಸುವ ದಕ್ಕೆಯಲ್ಲಿ ಧ್ವನಿವರ್ಧಕದಲ್ಲಿ ಹೇಳಿಸಿ, ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶವಾಗಿ ಕಳಿಸಬೇಕು. ಸಮುದ್ರಕ್ಕೆ ಹೋಗಿ ಕೆಲವು ದಿನ ಬಿಟ್ಟು ಮರಳುವ ಬೋಟುಗಳಿಗೆ ಇದ್ಯಾವುದೂ ತಲುಪಿರುವುದಿಲ್ಲ. ಅವರಿಗಾಗಿ ಅಳಿವೆಯ ಬಾಯಲ್ಲೇ ಒಂದು ದೊಡ್ಡ ಫಲಕ ಬೇಕು. ಬೋಟಿನವರೂ ಒಳಗೆ ಬರುವ ಮುನ್ನ ವಿಎಚ್‌ಎಫ್ ವೈರ್‌ಲೆಸ್‌ನ 16ನೇ ಚಾನೆಲ್‌ನಲ್ಲಿ ಒಮ್ಮೆ ಕರೆದು ಯಾವ ಸಂದಿ ತೆರೆದಿದೆ ಎಂದು ಕೇಳಿಕೊಳ್ಳಲಿ. ಉತ್ತರ ಬರದಿದ್ದರೆ ಬೆಳಕು ಹರಿಯುವವರೆಗೆ ಹೊರಗೇ ಲಂಗರು ಹಾಕಿ ನಿಲ್ಲುವುದು ಮೇಲು.