ಕಾನೂನು ಕೇಳಿ: ಹೊಲಕ್ಕೆ ಬಂದ ರಸ್ತೆ, ತೀರ್ಪು ಒಪ್ಪದ ದೇಶ

ಪ್ರಶ್ನೆ: ರಸ್ತೆ ಅಗಲ ಮಾಡುವಾಗ ನಮ್ಮ ತೊಗರಿ ಹೊಲದೊಳಗೆ ಮುರುಮು ಹಾಕಿಬಿಟ್ಟಿದ್ದಾರೆ. ನೋಟಿಸ್ ಇಲ್ಲ, ಪರಿಹಾರವೂ ಇಲ್ಲ. ಕೇಳಿದರೆ ‘ಸರ್ಕಾರದ ಕೆಲಸ ಅದರಿ, ತಡಿಯಾಕ ಬರಲ್ಲ’ ಅಂತಾರೆ. ಏನು ಮಾಡಬೇಕು?
– ಜೇವರ್ಗಿ ತಾಲ್ಲೂಕಿನ ರೈತರು

ಉತ್ತರ: ಸರ್ಕಾರದ ಕೆಲಸಕ್ಕೂ ಕಾನೂನಿನ ಕಟ್ಟುಪಾಡು ಇದೆ. ಆಸ್ತಿ ಈಗ ಮೂಲಭೂತ ಹಕ್ಕಲ್ಲ, ನಿಜ. ಆದರೆ ಸಂವಿಧಾನದ 300ಎ ವಿಧಿಯಂತೆ ಕಾನೂನಿನ ಅಧಿಕಾರವಿಲ್ಲದೆ ಅದನ್ನು ಕಸಿಯುವಂತಿಲ್ಲ. ಹಿಮಾಚಲದ ವಿದ್ಯಾದೇವಿ ಪ್ರಕರಣದಲ್ಲಿ, 1967ರ ಸುಮಾರಿಗೆ ರಸ್ತೆಗೆ ಹೋದ ಜಮೀನಿಗೆ ಸುಪ್ರೀಂ ಕೋರ್ಟ್ 2020ರಲ್ಲಿ ಪರಿಹಾರ ಕೊಡಿಸಿತು. ‘ಇಷ್ಟು ವರ್ಷ ನಮ್ಮ ಕೈಯಲ್ಲಿತ್ತು, ಹಾಗಾಗಿ ನಮ್ಮದೇ’ ಎಂಬ ಸರ್ಕಾರದ ವಾದ ನಡೆಯಲಿಲ್ಲ.

ಮೊದಲು ಪಹಣಿ, ಮ್ಯುಟೇಶನ್ ಪ್ರತಿ ತೆಗೆಸಿ. ಹದ್ದುಬಸ್ತಿಗೆ, ಅಂದರೆ ಹೊಲದ ಗಡಿ ಅಳತೆಗೆ, ಅರ್ಜಿ ಹಾಕಿ, ಎಷ್ಟು ಗುಂಟೆ ಹೋಗಿದೆ ಎಂಬುದನ್ನು ನಕ್ಷೆಯಲ್ಲೇ ಬರೆಸಿಕೊಳ್ಳಿ. ಕೇಸು ಕೈತಪ್ಪುವುದು ಬಹುಮಟ್ಟಿಗೆ ಇಲ್ಲೇ. ‘ಹಳೇ ಬಂಡಿದಾರಿ ಮೇಲೇ ರಸ್ತೆ ಮಾಡಿದ್ದೇವೆ’ ಎಂದು ಇಲಾಖೆ ಹೇಳಿದಾಗ ಎದುರು ತೋರಿಸಲು ಅಳತೆ ಇಲ್ಲದಿದ್ದರೆ, ಹೈಕೋರ್ಟ್ ನಿಮ್ಮನ್ನು ಸಿವಿಲ್ ಕೋರ್ಟಿಗೆ ಕಳಿಸಬಹುದು. ಜೊತೆಗೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ, 2013ರ ಭೂಸ್ವಾಧೀನ ಕಾಯ್ದೆಯ 11ನೇ ಕಲಮಿನ ಅಧಿಸೂಚನೆಯ, ಅಂದರೆ ಜಮೀನು ಪಡೆಯುವ ಮೊದಲು ಸರ್ಕಾರ ಹೊರಡಿಸಬೇಕಾದ ಪ್ರಕಟಣೆಯ, ಪ್ರತಿ ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ‘ಲಭ್ಯವಿಲ್ಲ’ ಎಂಬ ಉತ್ತರ ಬಂದರೆ ಜೋಪಾನವಾಗಿಡಿ, ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಆಮೇಲೆ ಜಿಲ್ಲಾಧಿಕಾರಿಗೆ ಮನವಿ, ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ. ‘ಮನವಿ ಕೊಟ್ಟಿದ್ದೀರಾ?’ ಎಂದೇ ನ್ಯಾಯಾಲಯ ಮೊದಲು ಕೇಳುತ್ತದೆ. ಉತ್ತರ ಬಾರದಿದ್ದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನ ಕಲಬುರಗಿ ಪೀಠದಲ್ಲಿ ರಿಟ್, ಅಂದರೆ ಸರ್ಕಾರಕ್ಕೆ ನೇರ ಆದೇಶ ಕೊಡಿ ಎಂದು ಕೋರುವ ಅರ್ಜಿ. 2013ರಿಂದ ಅದು ಕಾಯಂ ಪೀಠ, ಬೆಂಗಳೂರಿನವರೆಗೆ ಅಲೆಯಬೇಕಿಲ್ಲ. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರ ನೆರವುಂಟು, ಸಹಾಯವಾಣಿ 15100. ‘ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದೇನೆ’ ಎಂಬ ಒಕ್ಕಣೆಗೆ ಮಾತ್ರ ಸಹಿ ಹಾಕಬೇಡಿ.

ಆದೇಶ ಬಂದ ಮೇಲೂ ಅಧಿಕಾರಿ ಪಾಲಿಸದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು, ಒಂದು ವರ್ಷದೊಳಗೆ. ‘ಮುಂದಿನ ತಿಂಗಳು ಬರ್ರಿ’ ಎಂಬ ಮಾತು ನಂಬಿ ಈ ಗಡುವು ಕಳೆದುಕೊಂಡವರು ಬಹಳ.

ಪ್ರಶ್ನೆ: ನಿಜಾಮ ವಿಶ್ವಸಂಸ್ಥೆಗೆ ದೂರು ಕೊಟ್ಟಿದ್ದನಂತೆ, ನಿಜವೇ? ದೇಶಗಳ ಜಗಳದಲ್ಲಿ ತೀರ್ಪು ಜಾರಿ ಮಾಡುವವರು ಯಾರು?
– ಬಸವಕಲ್ಯಾಣದ ಓದುಗರು

ಉತ್ತರ: ನಿಜ. 1948ರ ಆಗಸ್ಟ್‌ನಲ್ಲಿ ಹೈದರಾಬಾದ್ ಸರ್ಕಾರ ಭಾರತದ ವಿರುದ್ಧ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಬರೆಯಿತು. ಸೆಪ್ಟೆಂಬರ್ 16ಕ್ಕೆ ವಿಷಯ ಅಲ್ಲಿ ಕೈಗೆತ್ತಿಕೊಳ್ಳುವ ಹೊತ್ತಿಗೆ ಭಾರತದ ಸೇನೆ ಒಳಗೆ ಬಂದಾಗಿತ್ತು. 17ಕ್ಕೆ ನಿಜಾಮ ಕದನವಿರಾಮ ಸಾರಿದ, ಅದೇ ತಿಂಗಳು ದೂರನ್ನೂ ಹಿಂಪಡೆದ. ಹೈದರಾಬಾದ್ ಸ್ವತಂತ್ರ ದೇಶವೇ ಅಲ್ಲ ಎಂಬುದು ಭಾರತದ ಆಕ್ಷೇಪವಾಗಿತ್ತು.

ಮಂಡಳಿ ನ್ಯಾಯಾಲಯವಲ್ಲ. ದೇಶಗಳ ವ್ಯಾಜ್ಯ ಕೇಳುವ ಅಂತರರಾಷ್ಟ್ರೀಯ ನ್ಯಾಯಾಲಯ ಇರುವುದು ನೆದರ್ಲೆಂಡ್ಸಿನ ಹೇಗ್‌ನಲ್ಲಿ. ಜೇವರ್ಗಿಯ ರೈತರು ಸರ್ಕಾರದ ಒಪ್ಪಿಗೆ ಕೇಳದೆ ಅದನ್ನೇ ಕೋರ್ಟಿಗೆ ಎಳೆಯಬಹುದು. ಹೇಗ್‌ನಲ್ಲಿ ಎದುರು ಪಕ್ಷ ಒಪ್ಪಿರಬೇಕು. ಪಾಕಿಸ್ತಾನ ಗಲ್ಲು ಶಿಕ್ಷೆ ವಿಧಿಸಿದ ಭಾರತೀಯ ಕುಲಭೂಷಣ ಜಾಧವ್ ಪ್ರಕರಣ ಅಲ್ಲಿ ನಿಂತದ್ದು, ದೂತಾವಾಸ ಸಂಬಂಧಗಳ 1963ರ ವಿಯೆನ್ನಾ ಒಪ್ಪಂದದ ವಿವಾದಗಳನ್ನು ಅಲ್ಲಿಗೇ ಒಯ್ಯುವ ಪೂರಕ ಪತ್ರಕ್ಕೆ ಎರಡೂ ದೇಶಗಳು ಮೊದಲೇ ಸಹಿ ಹಾಕಿದ್ದರಿಂದ.

ಜಾರಿಗೆ ಪೊಲೀಸರಿಲ್ಲ. ತೀರ್ಪು ಪಾಲಿಸದಿದ್ದರೆ ವಿಶ್ವಸಂಸ್ಥೆಯ ಸನ್ನದಿನ 94ನೇ ವಿಧಿಯಡಿ ಭದ್ರತಾ ಮಂಡಳಿಗೆ ಹೋಗಬೇಕು, ಅಲ್ಲಿ ಐದು ದೇಶಗಳಿಗೆ ವಿಟೊ, ಅಂದರೆ ಒಬ್ಬರೇ ನಿರ್ಣಯ ತಡೆಯುವ ಅಧಿಕಾರ. 1986ರಲ್ಲಿ ಅಮೆರಿಕದ ವಿರುದ್ಧ ನಿಕರಾಗುವಾ ಪರ ತೀರ್ಪು ಬಂದಾಗ, ಅದರ ಪಾಲನೆಗೆ ಒತ್ತಾಯಿಸಿದ ನಿರ್ಣಯವನ್ನು ಅಮೆರಿಕ ಹೀಗೇ ತಡೆಯಿತು. ಹಾಗೆಂದು ಎಲ್ಲವೂ ನಾಟಕವಲ್ಲ. 2014ರಲ್ಲಿ ಬಂಗಾಳ ಕೊಲ್ಲಿಯ ಗಡಿ ಬಗ್ಗೆ (ಈ ನ್ಯಾಯಾಲಯವಲ್ಲ) ಮಧ್ಯಸ್ಥಿಕೆ ನ್ಯಾಯಮಂಡಳಿ ಕೊಟ್ಟ ತೀರ್ಪಿನಲ್ಲಿ ವಿವಾದಿತ ಸಮುದ್ರದ ಮುಕ್ಕಾಲು ಪಾಲು ಬಾಂಗ್ಲಾದೇಶಕ್ಕೆ ಹೋಯಿತು, ಭಾರತ ಒಪ್ಪಿಕೊಂಡಿತು. ಔದಾರ್ಯ ಒಂದೇ ಕಾರಣವಿರಲಾರದು. ಗಡಿ ಇತ್ಯರ್ಥವಾಗದ ಕಡಲಿನಲ್ಲಿ ತೈಲಕ್ಕೆ ಹಣ ಹಾಕಲು ಕಂಪನಿಗಳು ಹಿಂದೇಟು ಹಾಕುತ್ತವೆ.