ಓದುಗರ ಪ್ರಶ್ನೆ: ಕಣಿವೆಯೂರಿನ ಕಡಿದಾದ ಮಾಡುಗಳು

ಪ್ರಶ್ನೆ: ಜಪಾನಿನ ಶಿರಾಕಾವಾ-ಗೋ ಕಣಿವೆಯ ಮನೆಗಳಿಗೆ ಅಷ್ಟು ಎತ್ತರದ ಹುಲ್ಲಿನ ಮಾಡು ಇರುವುದು ಹಿಮದ ಕಾರಣಕ್ಕೆ ಮಾತ್ರವೇ? ಅಲ್ಲಿಗೆ ಹೋದವರು ಏನನ್ನು ನೋಡಬೇಕು?

ಉತ್ತರ: ಹಿಮ ಒಂದು ಕಾರಣ ಮಾತ್ರ. ಗಿಫು ಪ್ರಾಂತ್ಯದ ಈ ಕಣಿವೆಯಲ್ಲಿ ಶೋ ನದಿಗೂ ಬೆಟ್ಟದ ಬುಡಕ್ಕೂ ನಡುವೆ ಉಳಿಯುವ ನೆಲ ಕಿರಿದಾಗಿದ್ದು, ಬೇಸಾಯವೊಂದನ್ನೇ ನಂಬಿ ಬದುಕುವುದು ಕಷ್ಟವಾಗಿತ್ತು. ಆದ್ದರಿಂದ ಅಲ್ಲಿನವರು ರೇಷ್ಮೆಹುಳು ಸಾಕಣೆಯನ್ನು ಹಿಡಿದರು. ಅದಕ್ಕೆ ಬೇಕಾದ ಗಾಳಿ, ಬೆಳಕು ಮತ್ತು ಜಾಗವನ್ನು ಎರಡು ಮೂರು ಅಂತಸ್ತಿನ ಅಟ್ಟಗಳಲ್ಲಿ ಒದಗಿಸಿಕೊಂಡರು. ಮುಗಿದ ಕೈಗಳಂತೆ ಕೂಡಿ ನಿಂತ ಆ ಮಾಡಿನ ಇಳಿಜಾರು ಸುಮಾರು 60 ಡಿಗ್ರಿಯವರೆಗೂ ಇರುವುದರಿಂದ ಹಿಮದ ಭಾರ ಕಡಿಮೆಯಾಗುತ್ತದೆ, ಒಳಗೆ ಅಟ್ಟಕ್ಕೆ ಎತ್ತರವೂ ಸಿಗುತ್ತದೆ. ಮಾಡಿನ ತೊಲೆಗಳನ್ನು ಮೊಳೆ ಹೊಡೆಯದೆ ಹಗ್ಗದಿಂದಲೂ ಬಳ್ಳಿಯಂತೆ ಬಾಗುವ ಎಳೆಯ ಕೊಂಬೆಗಳಿಂದಲೂ ಬಿಗಿದಿರುತ್ತಾರೆ. ನಡುಮನೆಯ ಒಲೆಯಿಂದೇಳುವ ಹೊಗೆಯೇ ಆ ಕಟ್ಟುಗಳನ್ನೂ ಹುಲ್ಲನ್ನೂ ಹುಳುಗಳಿಂದ ಕಾಯುತ್ತಿತ್ತು.

ನನ್ನ ಮಟ್ಟಿಗೆ ಇದಕ್ಕಿಂತಲೂ ಸೋಜಿಗದ ಸಂಗತಿ ನೆಲದಡಿಯದು. ಒಲೆಯ ಸುತ್ತ ಗುಂಡಿ ತೋಡಿ, ಮಣ್ಣು, ಸೊಪ್ಪು ಮತ್ತು ರೇಷ್ಮೆಹುಳುವಿನ ಹಿಕ್ಕೆಯನ್ನು ಪದರಪದರವಾಗಿ ತುಂಬಿ, ವರ್ಷಗಟ್ಟಲೆ ಕೊಳೆಸಿ, ಸಿಡಿಮದ್ದಿಗೆ ಬೇಕಾದ ಪೆಟ್ಲುಪ್ಪನ್ನು ತೆಗೆಯುತ್ತಿದ್ದರು. ಅಟ್ಟದ ಕಸುಬಿನ ಕಸವೇ ನೆಲದಡಿಯ ಕಸುಬಿಗೆ ಸಾಮಗ್ರಿಯಾಗಿತ್ತು! ಆದುದರಿಂದ ಗುಡ್ಡದ ಮೇಲಿನಿಂದ ಚಿತ್ರ ತೆಗೆದುಕೊಂಡು ಹಿಂದಿರುಗದೆ, ಸಾರ್ವಜನಿಕರಿಗೆ ತೆರೆದಿರುವ ವಾಡಾ ಕುಟುಂಬದ ಹಳೆಯ ಮನೆಯ ಅಟ್ಟವನ್ನು ತಪ್ಪದೆ ಹತ್ತಿ ನೋಡಬೇಕೆಂದು ಒತ್ತಿ ಹೇಳುತ್ತೇನೆ.

ಪ್ರಶ್ನೆ: ಇಷ್ಟು ಹಳೆಯ ಮನೆಗಳು ಈವರೆಗೆ ಉಳಿದದ್ದು ಹೇಗೆ?

ಉತ್ತರ: ಎಲ್ಲವೂ ಉಳಿಯಲಿಲ್ಲ. 1961ರಲ್ಲಿ ಪೂರ್ಣಗೊಂಡ ಮಿಬೊರೊ ಅಣೆಕಟ್ಟಿನ ಹಿನ್ನೀರಿನಲ್ಲಿ ಕಣಿವೆಯ ಮೇಲ್ಭಾಗದ ಊರುಗಳು ಮುಳುಗಿದವು. ಎಷ್ಟೋ ಮನೆಗಳನ್ನು ಬಿಚ್ಚಿ ಬೇರೆಡೆಗೆ ಮಾರಲಾಯಿತು. ಇದನ್ನು ಕಂಡ, ಇದೇ ಕಣಿವೆಯ ಒಗಿಮಾಚಿ ಗ್ರಾಮದವರು 1971ರಲ್ಲಿ ಸಂಘ ಕಟ್ಟಿಕೊಂಡು, ಮನೆಗಳನ್ನು ಮಾರುವುದಿಲ್ಲ, ಬಾಡಿಗೆಗೆ ಕೊಡುವುದಿಲ್ಲ, ಕೆಡವುವುದಿಲ್ಲ ಎಂದು ನಿಶ್ಚಯಿಸಿದರು. ಸರ್ಕಾರದ ರಕ್ಷಣೆ 1976ರಲ್ಲಿ ದೊರೆಯಿತು, ಯುನೆಸ್ಕೋ ಮನ್ನಣೆ 1995ರಲ್ಲಿ ಬಂದಿತು. ಮೊದಲ ಹೆಜ್ಜೆ ಊರಿನವರದೇ ಎಂಬುದನ್ನು ಪ್ರವಾಸದ ಬರಹಗಳು ಮರೆಯಬಾರದು.

ಮಾಡಿಗೆ ಹುಲ್ಲು ಹೊದಿಸುವುದು ಒಂದು ಕುಟುಂಬದಿಂದಾಗುವ ಕೆಲಸವಲ್ಲ. ನೂರಾರು ಜನ ಮುಯ್ಯಾಳುಗಳಾಗಿ ಸೇರಿ ಹಳೆಯ ಹುಲ್ಲನ್ನು ಕಿತ್ತು ಹೊಸದನ್ನು ಹೊದಿಸುವ ಪದ್ಧತಿ ಅಲ್ಲಿದೆ. ಇಂಥ ಊರಿಗೆ ಬೆಂಕಿಯೇ ದೊಡ್ಡ ಭಯವಾದ್ದರಿಂದ ಪ್ರತಿ ಶರತ್ಕಾಲದಲ್ಲಿ ನೀರಿನ ಫಿರಂಗಿಗಳನ್ನು ಒಟ್ಟಿಗೆ ಹಾರಿಸಿ ಪರೀಕ್ಷಿಸುತ್ತಾರೆ.

ಹೆಚ್ಚಿನ ಮನೆಗಳಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ; ಅಂಗಳಕ್ಕೂ ಹೊಲಕ್ಕೂ ಅನುಮತಿಯಿಲ್ಲದೆ ಕಾಲಿಡಬಾರದು. ಜನಸಂದಣಿ ಬೇಡವೆನ್ನುವವರು ಪಕ್ಕದ ತೊಯಾಮಾ ಪ್ರಾಂತ್ಯದ ಗೊಕಾಯಾಮಾಕ್ಕೆ ಹೋಗಬಹುದು. ಅಲ್ಲಿನ ಐನೊಕುರಾ ಮತ್ತು ಸುಗನುಮಾ ಎಂಬ ಪುಟ್ಟ ಹಳ್ಳಿಗಳೂ ಅದೇ ಯುನೆಸ್ಕೋ ಪಟ್ಟಿಯಲ್ಲಿವೆ.